ಶರತ್ಕಾಲದ ಉತ್ತರ ಕನ್ನಡ: ಯಾವ ಹಬ್ಬಕ್ಕೆ ಯಾವ ಊರಿಗೆ ಹೋಗಬೇಕು?

ಮಳೆ ಹಿಂದೆ ಸರಿದು ಗದ್ದೆಯ ಭತ್ತ ಹೊಡೆ ತುಂಬುವ ಹೊತ್ತಿಗೆ ಉತ್ತರ ಕನ್ನಡದಲ್ಲಿ ಹಬ್ಬಗಳ ಸಾಲು ಶುರುವಾಗುತ್ತದೆ. ಭಾದ್ರಪದದ ಚೌತಿಯಿಂದ ಕಾರ್ತಿಕದ ಹುಣ್ಣಿಮೆಯವರೆಗೆ ಕಾರವಾರದ ಕಡಲಂಚಿನಲ್ಲಿ ಒಂದು ಬಗೆ, ಸಿದ್ದಾಪುರದ ಗದ್ದೆಬಯಲಿನಲ್ಲಿ ಇನ್ನೊಂದು ಬಗೆ, ಶಿರಸಿಯ ಅಡಿಕೆ ತೋಟಗಳ ನಡುವೆ ಮತ್ತೊಂದು ಬಗೆ. ಬೆಂಗಳೂರು, ಹುಬ್ಬಳ್ಳಿ, ಪುಣೆಗಳಲ್ಲಿ ನೆಲೆಸಿರುವವರು ರಜೆ ಹೊಂದಿಸಿಕೊಂಡು ಈ ಕಡೆಗೆ ಬರಬೇಕೆಂದಾಗ, ಅಥವಾ ಈ ಜಿಲ್ಲೆಯನ್ನು ಕಾಣದ ಗೆಳೆಯರನ್ನು ಕರೆತರಬೇಕೆಂದಾಗ, ಎಲ್ಲವನ್ನೂ ನೋಡುವಷ್ಟು ದಿನಗಳು ಯಾರ ಕೈಯಲ್ಲೂ ಇರುವುದಿಲ್ಲ. ಒಂದನ್ನು ಆರಿಸಿಕೊಳ್ಳಬೇಕು, ಉಳಿದವನ್ನು ಮುಂದಿನ ವರ್ಷಕ್ಕೆ ಬಿಡಬೇಕು.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ದುಡ್ಡಿನದೂ ಅಲ್ಲ, ದೂರದ್ದೂ ಅಲ್ಲ. ಈ ಸೀಮೆಯಲ್ಲಿ ನಿಮ್ಮನ್ನು ಬನ್ನಿ ಎಂದು ಕರೆಯುವ ಮನೆಯೊಂದು ಇದೆಯೇ ಎಂಬುದೇ ಆ ಪ್ರಶ್ನೆ. ಏಕೆಂದರೆ ಇಲ್ಲಿನ ಶರತ್ಕಾಲದ ಹಬ್ಬಗಳು ಬಹುಪಾಲು ಅಡುಗೆಮನೆ, ಕೊಟ್ಟಿಗೆ, ಗದ್ದೆಯ ಬದು, ತುಳಸಿಕಟ್ಟೆಗಳಲ್ಲಿ ನಡೆಯುತ್ತವೆ. ಮೈದಾನದಲ್ಲಿ ಮಳಿಗೆ ಹಾಕಿ, ವೇದಿಕೆ ಕಟ್ಟಿ, ಹಾಡು ಕುಣಿತ ಏರ್ಪಡಿಸುವ ಉತ್ಸವಗಳು ಬೇರೆ ಕಾಲದವು. ಕಾರವಾರದ ಕರಾವಳಿ ಉತ್ಸವವಾಗಲಿ ಬನವಾಸಿಯ ಕದಂಬೋತ್ಸವವಾಗಲಿ ಸಾಮಾನ್ಯವಾಗಿ ಚಳಿಗಾಲದಲ್ಲಿ ನಡೆಯುತ್ತವೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಫಾಲ್ಗುಣದ ಸುಮಾರಿಗೆ ಬರುತ್ತದೆ. ಅಂಕೋಲೆಯ ಬಂಡಿಹಬ್ಬ ಬೇಸಿಗೆಯದು. ಜಾತ್ರೆಯ ಗದ್ದಲ, ತೇರು, ತೊಟ್ಟಿಲು, ಅಂಗಡಿ ಸಾಲುಗಳೇ ಬೇಕೆನ್ನುವವರು ಅಕ್ಟೋಬರಿನಲ್ಲಿ ಬಂದರೆ ನಿರಾಶರಾಗುತ್ತಾರೆ. ಅವರು ಆ ಕಾಲಕ್ಕೇ ಬರುವುದು ಒಳ್ಳೆಯದು.

ದಿನ ನಿಗದಿಪಡಿಸುವಾಗ ಪಂಚಾಂಗವನ್ನು ಕಡ್ಡಾಯವಾಗಿ ನೋಡಿಕೊಳ್ಳಬೇಕು. 2025ರಲ್ಲಿ ಅಕ್ಟೋಬರ್ 20ರ ಆಸುಪಾಸಿನಲ್ಲಿ ಬಂದ ದೀಪಾವಳಿ, 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಸೇರಿಕೊಳ್ಳುವುದರಿಂದ ನವೆಂಬರ್ ಎರಡನೆಯ ವಾರಕ್ಕೆ ಸರಿಯುತ್ತದೆ. ಆ ವರ್ಷ ನವರಾತ್ರಿಯೂ ಅಕ್ಟೋಬರ್ ಎರಡನೆಯ ವಾರದಲ್ಲಿ ಆರಂಭವಾಗುತ್ತದೆ. ಇದು ಬರೀ ತಾರೀಖಿನ ಮಾತಲ್ಲ. ಕರಾವಳಿಯಲ್ಲಿ ಮುಂಗಾರು ಪೂರ್ತಿ ಹಿಂದೆ ಸರಿಯುವುದೇ ಅಕ್ಟೋಬರ್ ಮಧ್ಯದ ಹೊತ್ತಿಗೆ. ಹಬ್ಬ ಬೇಗ ಬಂದ ವರ್ಷ ನವರಾತ್ರಿಯ ಸಂಜೆಗಳಲ್ಲಿ ಗುಡುಗು ಮಳೆ ಸುರಿಯುವುದು, ಘಟ್ಟದ ರಸ್ತೆಗಳು ಒದ್ದೆಯಾಗಿರುವುದು ಸಾಮಾನ್ಯ. ತಡವಾಗಿ ಬಂದ ವರ್ಷ ಆಕಾಶ ತಿಳಿಯಾಗಿರುತ್ತದೆ. ಆದರೆ ದೀಪಾವಳಿಯ ಹೊತ್ತಿಗೆ ಭತ್ತದ ಕೊಯ್ಲು, ಅಡಿಕೆಯ ಕೊನೆಕೊಯ್ಲು ಮೈಮೇಲೆ ಬಂದು ಮನೆಯವರು ಕೆಲಸದಲ್ಲಿ ಮುಳುಗಿರುತ್ತಾರೆ.

ಚೌತಿಯ ಮುಂಚಿನ ಚಕ್ಕುಲಿ ಕಂಬಳ

ಆಹಾರವನ್ನೇ ನೆಪವಾಗಿಟ್ಟುಕೊಂಡು ಬರುವವರಿಗೆ ನನ್ನ ಮೊದಲ ಸಲಹೆ ಶರತ್ಕಾಲದ ಹೊಸ್ತಿಲಲ್ಲೇ ಇದೆ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಗಣೇಶ ಚತುರ್ಥಿಗೆ ಕೆಲವು ದಿನ ಮೊದಲು ಚಕ್ಕುಲಿ ಕಂಬಳ ನಡೆಯುತ್ತದೆ. ಒಂದು ಮನೆಗೆ ಅಕ್ಕಪಕ್ಕದ ಮನೆಗಳವರು ಸೇರಿ, ಆ ಮನೆಯ ಹಬ್ಬಕ್ಕೆ ಬೇಕಾದಷ್ಟು ಚಕ್ಕುಲಿ ಮಾಡಿಕೊಟ್ಟು, ಮರುದಿನ ಇನ್ನೊಂದು ಮನೆಗೆ ಹೋಗುತ್ತಾರೆ. ಇಲ್ಲಿ ಒರಳಿನಲ್ಲಿ ಒತ್ತಿದ ಚಕ್ಕುಲಿಗಿಂತ ಕೈಚಕ್ಕುಲಿಗೆ ಮರ್ಯಾದೆ ಹೆಚ್ಚು. ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ಹದವಾಗಿ ನಾದಿ, ಅದರ ಎಳೆಯನ್ನು ಹೆಬ್ಬೆರಳು ಮತ್ತು ಎರಡು ಬೆರಳುಗಳ ನಡುವೆ ಹಗ್ಗದಂತೆ ಹೊಸೆಯುತ್ತ ಹೊಸೆಯುತ್ತ ಸುತ್ತು ಬೆಳೆಸುತ್ತಾರೆ. ಹೊಸೆತ ಸಡಿಲವಾದರೆ ಎಣ್ಣೆಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತದೆ, ಬಿಗಿಯಾದರೆ ಎಳೆ ತುಂಡಾಗುತ್ತದೆ. ಗಂಡಸರು ಸಾಲಾಗಿ ಕೂತು ಸುತ್ತುತ್ತಾರೆ, ಒಲೆಯ ಹತ್ತಿರ ಒಬ್ಬರು ಬೇಯುವ ಸದ್ದನ್ನೇ ಕೇಳುತ್ತ ಕರಿಯುತ್ತಾರೆ, ಹರಟೆ ನಡುರಾತ್ರಿಯವರೆಗೂ ಸಾಗುತ್ತದೆ. ಹಣ ಕೊಟ್ಟು ಪ್ರವೇಶ ಪಡೆಯುವ ಯಾವ ಆಹಾರ ಮೇಳದಲ್ಲೂ ಇಷ್ಟು ಹತ್ತಿರದಿಂದ ಕೈಕೆಲಸವೊಂದನ್ನು ಕಲಿಯಲಾಗದು. ಬಂದವರು ನೋಡುತ್ತ ನಿಲ್ಲಬೇಕಾಗಿಲ್ಲ, ಅವರಿಗೂ ಒಂದು ಉಂಡೆ ಹಿಟ್ಟು ಸಿಗುತ್ತದೆ.

ಆದರೆ ಇದಕ್ಕೆ ಆಮಂತ್ರಣ ಪತ್ರಿಕೆ ಇಲ್ಲ, ಪ್ರಕಟಣೆ ಇಲ್ಲ, ಪರಿಚಯದ ಮನೆಯಿಲ್ಲದೆ ಇದು ದಕ್ಕುವುದಿಲ್ಲ. ಜೊತೆಗೆ ಆ ದಿನಗಳಲ್ಲಿ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಮನೆಯ ಪರಿಚಯವಿದ್ದರೆ, ಚೌತಿಯ ದಿನವನ್ನೂ ಸೇರಿಸಿಕೊಂಡು ಬಂದರೆ ಗಣಪತಿಯ ಮೇಲೆ ಕಟ್ಟುವ ಫಲಾವಳಿಯನ್ನು ಕಾಣಬಹುದು. ಕಾಡಿನ ಕಾಯಿ, ತೋಟದ ಹಣ್ಣು, ಅಡಿಕೆಗೊನೆಗಳೆಲ್ಲ ಅಲ್ಲಿ ಒಟ್ಟಿಗೆ ತೂಗುತ್ತಿರುತ್ತವೆ. ಕಾರವಾರದ ಕೊಂಕಣಿ ಮನೆಗಳಲ್ಲಿ ಇದನ್ನೇ ಮಾಟೋಳಿ ಎಂದು ಕಟ್ಟುತ್ತಾರೆ. ಅದೇ ಕಾಲಕ್ಕೆ ಕಾರವಾರದ ಹತ್ತಿರದ ಹಣಕೋಣದ ಸಾತೇರಿ ದೇವಿಯ ಗುಡಿ ವರ್ಷದಲ್ಲಿ ಏಳೇ ದಿನ ಬಾಗಿಲು ತೆರೆಯುವುದರಿಂದ, ಗೋವಾ, ಮಹಾರಾಷ್ಟ್ರಗಳಿಂದಲೂ ಭಕ್ತರು ಬರುತ್ತಾರೆ. ಅದು ದೊಡ್ಡ ಸಾಲಿನಲ್ಲಿ ನಿಂತು ದರ್ಶನ ಪಡೆಯುವ ಜಾತ್ರೆ. ವಯಸ್ಸಾದವರನ್ನು ಕರೆತರುವವರು ಬೆಳಗಿನ ಹೊತ್ತಿಗೇ ತಲುಪುವಂತೆ ಹೊರಡಬೇಕು.

ನವರಾತ್ರಿ: ಪರಿಚಯವಿಲ್ಲದವರಿಗೂ ತೆರೆದ ಬಾಗಿಲು

ಯಾರ ಮನೆಯ ಪರಿಚಯವೂ ಇಲ್ಲದೆ, ವಸತಿಗೃಹದಲ್ಲಿ ಉಳಿದುಕೊಂಡು ಹಬ್ಬ ನೋಡಬೇಕೆನ್ನುವವರಿಗೆ ನವರಾತ್ರಿ ಅನುಕೂಲ. ಒಂಬತ್ತು ದಿನ ಹರಡಿಕೊಂಡಿರುವುದರಿಂದ ಒಂದು ದಿನ ಮಳೆಯಾದರೂ ಇನ್ನೊಂದು ದಿನ ಉಳಿದಿರುತ್ತದೆ. ಶಿರಸಿಯಲ್ಲಿದ್ದರೆ ಸಂಜೆಗಳು ಮಾರಿಕಾಂಬಾ ದೇವಸ್ಥಾನದಲ್ಲಿ ಕಳೆಯುತ್ತವೆ. ಜಾತ್ರೆಯಲ್ಲಿ ಲಕ್ಷಾಂತರ ಜನರ ನಡುವೆ ದೂರದಿಂದ ಕಾಣುವ ಅಮ್ಮನವರ ಮರದ ಮೂರ್ತಿಯನ್ನು ನವರಾತ್ರಿಯಲ್ಲಿ ನೆಮ್ಮದಿಯಾಗಿ, ಹತ್ತಿರದಿಂದ, ಅಲಂಕಾರ ಸಹಿತವಾಗಿ ನೋಡಬಹುದು. ಜಾತ್ರೆ ಮತ್ತು ನವರಾತ್ರಿಗಳ ನಡುವೆ ಆರಿಸಬೇಕಾಗಿ ಬಂದ ಹಿರಿಯರಿಗೆ ನಾನು ಹಿಂಜರಿಯದೆ ನವರಾತ್ರಿಯನ್ನೇ ಹೇಳುತ್ತೇನೆ.

ಮಕ್ಕಳಿರುವ ಕುಟುಂಬಕ್ಕೆ ಮಾತ್ರ ದಾಂಡೇಲಿ ಹೆಚ್ಚು ಒಪ್ಪುತ್ತದೆ. ಅಲ್ಲಿನ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯ ಆಶ್ರಯದಲ್ಲಿ ನಡೆದುಬಂದಿರುವ ರಾಮಲೀಲೆಯ ಕೊನೆಗೆ, ವಿಜಯದಶಮಿಯ ರಾತ್ರಿ ರಾವಣನ ದೊಡ್ಡ ಪ್ರತಿಕೃತಿಗೆ ಬೆಂಕಿ ಹಚ್ಚುತ್ತಾರೆ. ಕಾರ್ಖಾನೆಗೆಂದು ಉತ್ತರ ಭಾರತದಿಂದ ಬಂದು ನೆಲೆಸಿದವರ ಸಂಪ್ರದಾಯ ಈಗ ಊರಿನದೇ ಆಗಿದೆ. ಜಿಲ್ಲೆಯಲ್ಲಿ ಬೇರೆಲ್ಲೂ ಇಂಥ ನೋಟ ಈ ಪ್ರಮಾಣದಲ್ಲಿಲ್ಲ. ಪಕ್ಕದ ಹಳಿಯಾಳದಲ್ಲಿ ನಸುಕಿನಲ್ಲಿ ಯುವಕರು ಓಣಿ ಓಣಿ ಓಡುವ ದುರ್ಗಾದೌಡ್ ಇದೆ. ಬೆಳಗಾವಿಯ ಕಡೆಯ ಮರಾಠಿ ಪ್ರಭಾವ ಅಲ್ಲಿ ಎದ್ದು ಕಾಣುತ್ತದೆ.

ಕರಾವಳಿಯ ಕುಮಟಾ, ಹೊನ್ನಾವರ, ಅಂಕೋಲೆಗಳಲ್ಲಿ ಶಾರದೋತ್ಸವದ ಮಂಟಪಗಳು, ದೇವಸ್ಥಾನದ ಪ್ರಸಾದ ಭೋಜನ ಇದ್ದೇ ಇರುತ್ತವೆ. ಆದರೆ ಅವುಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು, ಈ ಆಸುಪಾಸಿನಲ್ಲಿ ಹಲವು ಮನೆಗಳಲ್ಲಿ ನಡೆಯುವ ಹೊಸ್ತಿನ ಹಬ್ಬ. ಗದ್ದೆಯಿಂದ ಕದಿರು ತಂದು, ದೇವರ ಮುಂದಿಟ್ಟು, ಬಾಗಿಲಿಗೆ, ಕಣಜಕ್ಕೆ ಕಟ್ಟಿ, ಹೊಸ ಅಕ್ಕಿಯ ಕಾಳುಗಳನ್ನು ಪಾಯಸಕ್ಕೆ ಬೆರೆಸಿ ಉಣ್ಣುವ ಈ ಆಚರಣೆ ಒಂದು ಬೆಳಗಿನಲ್ಲಿ ಮುಗಿದುಹೋಗುತ್ತದೆ. ಇದಕ್ಕೆಂದೇ ದೂರದಿಂದ ಬರಬೇಕೆಂದು ಹೇಳಲಾರೆ, ಊರಿನಲ್ಲಿದ್ದರೆ ತಪ್ಪಿಸಿಕೊಳ್ಳಬಾರದು.

ಭೂಮಿ ಹುಣ್ಣಿಮೆಯೋ, ದೊಡ್ಡಹಬ್ಬವೋ?

ಘಟ್ಟದ ಮೇಲೆ ಹಳ್ಳಿಯ ಹಬ್ಬವೊಂದನ್ನು ನೋಡಬೇಕೆನ್ನುವವರ ಮುಂದೆ ಎರಡು ದಾರಿಗಳಿವೆ. ಆಶ್ವೀಜ ಹುಣ್ಣಿಮೆಯಂದು ಸಿದ್ದಾಪುರದ ಕಡೆ ನಡೆಯುವ ಭೂಮಿ ಹುಣ್ಣಿಮೆ ಒಂದು; ಅದಾದ ಹದಿನೈದು ದಿನಕ್ಕೆ ಬರುವ, ಇಲ್ಲಿಯವರು ದೊಡ್ಡಹಬ್ಬವೆಂದೇ ಕರೆಯುವ ದೀಪಾವಳಿ ಇನ್ನೊಂದು. ಹೆಚ್ಚಿನವರು ಯೋಚಿಸದೆ ಎರಡನೆಯದನ್ನು ಆರಿಸುತ್ತಾರೆ. ನನ್ನ ಮನಸ್ಸು ಮೊದಲನೆಯದರ ಕಡೆಗೇ ಇದೆ, ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಭೂಮಿ ಹುಣ್ಣಿಮೆಯ ಹೊತ್ತಿಗೆ ಭತ್ತದ ಗಿಡ ಹೊಡೆಯಾಗಿರುತ್ತದೆ, ಅಂದರೆ ಭೂಮಿತಾಯಿ ಬಸುರಿ. ಅವಳ ಬಯಕೆ ತೀರಿಸುವುದು ಈ ಹಬ್ಬದ ಕೆಲಸ. ಇಲ್ಲಿನ ಕೃಷಿಕ ಸಮುದಾಯವಾದ ದೀವರ ಮನೆಗಳಲ್ಲಿ ಸಿದ್ಧತೆ ಹಲವು ದಿನ ಮೊದಲೇ ತೊಡಗುತ್ತದೆ. ಗದ್ದೆಗೆ ಎಡೆ ಹೊತ್ತೊಯ್ಯುವ ಬಿದಿರಿನ ಭೂಮಣ್ಣಿ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿದ ಮೇಲೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಪುಂಡಿ ನಾರಿನದು. ತುದಿಯನ್ನು ಜಜ್ಜಿ ಒಂದೆರಡು ಎಳೆಗೆ ಇಳಿಸಿದಾಗ ಗೆರೆ ಕೂದಲಿನಷ್ಟು ಸಪೂರವಾಗಿ ಬರುತ್ತದೆ. ಹಳದಿ ಬೇಕಾದಲ್ಲಿ ಗುರಿಗೆ ಕಾಯಿಯ ಬಣ್ಣ. ಬುಟ್ಟಿ ಗುಂಡಾಗಿರುವುದರಿಂದ ಗೆರೆಯನ್ನು ಅಳತೆಗೋಲಿಟ್ಟು ಎಳೆಯಲಾಗದು. ಮಡಿಲಲ್ಲಿ ಬುಟ್ಟಿಯನ್ನು ತಿರುಗಿಸುತ್ತ, ಉಸಿರು ಹಿಡಿದು, ಒಂದೇ ಓಟದಲ್ಲಿ ಸುತ್ತು ಮುಗಿಸುವ ಹೆಣ್ಣುಮಕ್ಕಳ ಕೈಯನ್ನು ನೋಡಿದವರಿಗೆ ಗೋಡೆಗೆ ತೂಗುಹಾಕಲು ಮಾರುವ ಚಿತ್ತಾರಕ್ಕೂ ಇದಕ್ಕೂ ಇರುವ ಅಂತರ ತಿಳಿಯುತ್ತದೆ.

ಹಬ್ಬದ ಹಿಂದಿನ ರಾತ್ರಿ ಅಡುಗೆಮನೆ ಮಲಗುವುದಿಲ್ಲ. ಬಗೆಬಗೆಯ ಸೊಪ್ಪು, ಕುಡಿಗಳನ್ನು ಬೇಯಿಸಿ ಚರಗಕ್ಕೆ, ಅಂದರೆ ಗದ್ದೆಗೆ ಬೀರುವ ಎಡೆಗೆ, ಸಿದ್ಧಮಾಡುತ್ತಾರೆ. ನೂರೊಂದು ಕುಡಿ ಎಂಬ ಮಾತು ಆ ಹೊತ್ತಿನ ಹಾಡಿನಲ್ಲಿಯೇ ಇದೆ. ನಸುಕಿಗೆ ಮೊದಲು ಗಂಡಸರು ಬುಟ್ಟಿ ಹೊತ್ತು, ದೊಂದಿ ಅಥವಾ ಬ್ಯಾಟರಿ ಹಿಡಿದು ಗದ್ದೆಗೆ ಹೋಗಿ ಚರಗ ಬೀರುತ್ತ ಭೂಮಿತಾಯಿಯನ್ನು ಉಣ್ಣಲು ಕರೆಯುತ್ತಾರೆ. ಬೆಳಕಾದ ಮೇಲೆ ಮನೆಮಂದಿಯೆಲ್ಲ ಗದ್ದೆಗೆ ಬಂದು, ಭತ್ತದ ಗಿಡಕ್ಕೆ ಅರಿಸಿನ ಕುಂಕುಮ ಏರಿಸಿ, ತಮ್ಮ ಕೊರಳಿನ ಸರವನ್ನು ಗಿಡಕ್ಕೆ ತೊಡಿಸಿ ಪೂಜಿಸುತ್ತಾರೆ. ಕಾಗೆಗೂ ಇಲಿಗೂ ಎಡೆ ಇಡುತ್ತಾರೆ. ಕೆಲವು ಮನೆಗಳಲ್ಲಿ ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂತಿಟ್ಟು ಕೊಯ್ಲಿನ ದಿನ ತೆಗೆಯುವ ರೂಢಿಯೂ ಇದೆ. ಆಮೇಲೆ ಅಲ್ಲೇ, ಬದುವಿನ ಮೇಲೆ, ಎಲೆ ಹಾಕಿ ಊಟ. ಗದ್ದೆ ರಸ್ತೆಯ ಪಕ್ಕದಲ್ಲಿಯೇ ಇರುವುದರಿಂದ ಹೊರಗಿನವರೂ ದೂರದಿಂದ ಕಾಣಬಹುದು. ಹತ್ತಿರ ಹೋಗಿ ವಿನಯದಿಂದ ಮಾತನಾಡಿಸಿದವರಿಗೆ ಎಲೆ ಸಿಗದೇ ಇರುವುದು ಅಪರೂಪ. ಇದೇ ನಾನು ಭೂಮಿ ಹುಣ್ಣಿಮೆಯನ್ನು ಮುಂದೆ ಮಾಡುವ ಮುಖ್ಯ ಕಾರಣ: ಹಬ್ಬ ಮನೆಯದಾದರೂ ನಡೆಯುವುದು ಬಯಲಿನಲ್ಲಿ.

ದೊಡ್ಡಹಬ್ಬದ ಸ್ವರೂಪವೇ ಬೇರೆ. ತ್ರಯೋದಶಿಯ ಸಂಜೆ ಬಾವಿಯಿಂದ ನೀರು ತುಂಬುವುದರೊಂದಿಗೆ ಅದು ತೊಡಗುತ್ತದೆ. ಆ ರಾತ್ರಿಗಳಲ್ಲಿ ಹುಡುಗರು ಬೂರೆ ಹಾಯಲು ಹೋಗಿ ಊರವರ ತೋಟದ ಎಳನೀರು, ಸೌತೆಕಾಯಿ ಕದಿಯುವುದನ್ನು ಹಿರಿಯರು ಕಂಡೂ ಕಾಣದಂತೆ ಇರುತ್ತಾರೆ. ಚತುರ್ದಶಿಯ ನಸುಕಿನಲ್ಲಿ ಎಣ್ಣೆಸ್ನಾನ ಮಾಡಿ, ತೆಂಗಿನಕಾಯಿ, ಅಡಿಕೆಯ ಸಿಂಗಾರ, ಹಿಂಡಲಕಾಯಿಗಳಿಂದ ಅಲಂಕರಿಸಿದ ಕಲಶದಲ್ಲಿ ಬಲೀಂದ್ರನನ್ನು ಕೂರಿಸುತ್ತಾರೆ. ಹಬ್ಬದ ನಡುಮಧ್ಯೆ ಇರುವುದು ಪಾಡ್ಯದ ಗೋಪೂಜೆ. ಕೊಟ್ಟಿಗೆಯ ದನಗಳಿಗೆಲ್ಲ ಮೈತೊಳೆದು, ಕೆಮ್ಮಣ್ಣು ಮತ್ತು ಜೇಡಿಯಲ್ಲಿ ಮೈಮೇಲೆ ಉರುಟು ಮುದ್ರೆಗಳನ್ನೊತ್ತಿ, ಅಡಿಕೆ, ಪಚ್ಚೆತೆನೆ, ಚೆಂಡುಹೂಗಳನ್ನು ಪೋಣಿಸಿದ ಸರ ಕಟ್ಟಿ, ಕಡುಬು ರೊಟ್ಟಿ ತಿನ್ನಿಸಿ ಬಯಲಿಗೆ ಬಿಡುತ್ತಾರೆ. ಹುಲಿದೇವರ ಬನಕ್ಕೆ ಹೋಗಿ ಕಾಯಿ ಒಡೆದು, ದನಕರುಗಳನ್ನು ಕಾಯೆಂದು ಬೇಡಿಕೊಳ್ಳುವುದೂ ಅದೇ ದಿನ. ರಾತ್ರಿ ಹಬ್ಬ ಹಾಡುವ ತಂಡಗಳು ದೀಪ ಹಿಡಿದು ಮನೆಮನೆಗೆ ಬರುತ್ತವೆ. ಸಾಗರ, ಸೊರಬಗಳಿಗೆ ತಾಗಿದ ಸಿದ್ದಾಪುರದ ಹಳ್ಳಿಗಳಲ್ಲಿ ಅಂಟಿಗೆ ಪಿಂಟಿಗೆಯ ಹಾಡು ಇನ್ನೂ ಕೇಳಿಸುತ್ತದೆ. ಬನವಾಸಿಯ ಕಡೆ ಹೋರಿ ಬೆದರಿಸುವ ಹಬ್ಬವೂ ಸೇರಿಕೊಳ್ಳುತ್ತದೆ. ಅದನ್ನು ನೋಡುವವರು ಬೇಲಿಯ ಆಚೆಗೇ ಇರಬೇಕು, ಮಕ್ಕಳನ್ನು ದಾರಿಯಂಚಿನಲ್ಲಿ ನಿಲ್ಲಿಸಲೇಬಾರದು.

ಊಟದ ವಿಷಯದಲ್ಲಿ ದೊಡ್ಡಹಬ್ಬಕ್ಕೆ ಸಾಟಿಯಿಲ್ಲ. ಮೊಗೆಕಾಯಿ ತುರಿದು ಬಾಳೆಎಲೆಯಲ್ಲಿ ಬೇಯಿಸಿದ ಕಡುಬು, ಹೋಳಿಗೆ, ತುಪ್ಪ, ಅಪ್ಪೆಹುಳಿ, ತಂಬುಳಿ, ಉಪ್ಪಿನಕಾಯಿಗೆ ಅಪ್ಪೆಮಿಡಿ, ಎಲ್ಲ ಮುಗಿದ ಮೇಲೆ ತೋಟದ್ದೇ ಅಡಿಕೆಯ ಕವಳ. ಆದರೆ ಇದೆಲ್ಲ ನಡೆಯುವುದು ಮನೆಯೊಳಗೆ. ಮೂರು ದಿನವೂ ಶಿರಸಿ ಪೇಟೆಯಲ್ಲಿ ಅಂಗಡಿ, ಖಾನಾವಳಿಗಳು ಹಲವು ಮುಚ್ಚಿರುತ್ತವೆ. ಕೆಲಸಗಾರರೆಲ್ಲ ಅವರವರ ಊರಿಗೆ ಹೋಗಿರುತ್ತಾರೆ. ಪರಿಚಯದ ಮನೆಯಿಲ್ಲದೆ ಆ ದಿನಗಳಲ್ಲಿ ಬಂದವರಿಗೆ ಹಬ್ಬವೂ ಇಲ್ಲ, ಊಟಕ್ಕೂ ತೊಂದರೆ. ಆದ್ದರಿಂದ ಕರೆಯುವ ಮನೆಯಿದ್ದರೆ ದೊಡ್ಡಹಬ್ಬಕ್ಕೆ ಬನ್ನಿ, ಇಲ್ಲವಾದರೆ ಭೂಮಿ ಹುಣ್ಣಿಮೆಗೆ ಬನ್ನಿ. ಕೃಷಿಕರ ಬದುಕು ಬದಲಾಗುತ್ತಿದೆ, ಭತ್ತದ ಗದ್ದೆಗಳು ಅಡಿಕೆ ತೋಟಗಳಾಗುತ್ತಿವೆ. ಗದ್ದೆಯೇ ಇಲ್ಲದ ಮೇಲೆ ಭೂಮಣ್ಣಿ ಬುಟ್ಟಿ ಎಲ್ಲಿಗೆ ಹೋಗಬೇಕು ಎಂಬ ಆತಂಕವೂ ನನ್ನ ಈ ಸಲಹೆಯ ಹಿಂದೆ ಇದೆ.

ಕಾರವಾರದ ದೀಪಾವಳಿ

ದೀಪಾವಳಿಗೇ ಬರಬೇಕು, ಆದರೆ ಘಟ್ಟದ ಮೇಲೆ ಯಾರೂ ಇಲ್ಲ ಎನ್ನುವವರಿಗೆ ಕಾರವಾರ ಸರಿಯಾದ ಊರು. ಗೋವೆಯ ನೆರೆಯಲ್ಲಿರುವುದರಿಂದ ಇಲ್ಲಿ ನರಕ ಚತುರ್ದಶಿಯ ಹಿಂದಿನ ರಾತ್ರಿ ಓಣಿಗಳಲ್ಲಿ ಹುಲ್ಲು, ಕಾಗದ, ಬಿದಿರಿನ ನರಕಾಸುರರು ಎದ್ದು ನಿಲ್ಲುತ್ತಾರೆ, ನಸುಕಿಗೆ ಮೊದಲು ಸುಟ್ಟು ಬೂದಿಯಾಗುತ್ತಾರೆ. ರಾತ್ರಿಯಿಡೀ ನಡೆದಾಡಿ ನೋಡಬಹುದಾದ, ಯಾರ ಅಪ್ಪಣೆಯೂ ಬೇಕಿಲ್ಲದ ಹಬ್ಬವಿದು. ಸದ್ದು ಮಾತ್ರ ಹೆಚ್ಚು. ಕೈಗೂಸಿರುವವರು, ಹೃದಯದ ತೊಂದರೆಯುಳ್ಳವರು ಊರ ನಡುವೆ ಕೋಣೆ ಹಿಡಿಯಬಾರದು.

ಬೆಳಗಾದ ಮೇಲೆ ಕೊಂಕಣಿ ಮನೆಗಳಲ್ಲಿ ಎಣ್ಣೆಸ್ನಾನ ಮುಗಿಸಿ ತುಳಸಿಕಟ್ಟೆಯ ಮುಂದೆ ಕಾರೀಟು ಎಂಬ ಕಹಿಕಾಯಿಯನ್ನು ಕಾಲಿನಿಂದ ತುಳಿದು ಒಡೆದು, ಅದರ ಕಹಿಯನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಾರೆ. ಘಟ್ಟದ ಮೇಲೆ ಬಲೀಂದ್ರನ ಕಲಶಕ್ಕೆ ಏರುವ ಹಿಂಡಲಕಾಯಿಯೂ ಇದೇ ಬಳ್ಳಿಯ ಕಾಯಿ. ಅರವತ್ತು ಎಪ್ಪತ್ತು ಮೈಲಿಯ ಅಂತರದಲ್ಲಿ ಒಂದೇ ಕಾಯಿಗೆ ಒಂದೆಡೆ ಪೂಜೆ, ಇನ್ನೊಂದೆಡೆ ನರಕಾಸುರನ ಪಾತ್ರ. ಆಮೇಲೆ ಅವಲಕ್ಕಿ: ಹಾಲಿನದು, ಬೆಲ್ಲ ಮತ್ತು ತೆಂಗಿನಹಾಲಿನದು, ಮೊಸರಿನದು, ಖಾರದ್ದು ಹೀಗೆ ಮನೆಗೊಂದು ಬಗೆ. ನೆರೆಹೊರೆಯವರು ಒಬ್ಬರ ಮನೆಗೊಬ್ಬರು ಹೋಗಿ ಒಂದೊಂದು ಚಮಚವಾದರೂ ತಿನ್ನಲೇಬೇಕು.

ಮೀನಿಗಾಗಿಯೇ ಕಾರವಾರಕ್ಕೆ ಬರುವವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಹಬ್ಬದ ದಿನ ಹಿಂದೂ ಮನೆಗಳಲ್ಲಿ ಮೀನು ಬೇಯುವುದಿಲ್ಲ. ಕಾರ್ತಿಕ ಮಾಸವಿಡೀ ಬಿಡುವವರೂ ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು, ಅಗಸ್ಟಿನಿಂದ ಮೀನುಗಾರಿಕೆ ಮತ್ತೆ ತೊಡಗುವುದರಿಂದ, ಚೌತಿ ಕಳೆದ ಮೇಲೆ ನವರಾತ್ರಿಗೆ ಮೊದಲಿನ ದಿನಗಳು ಬಂಗಡೆ, ತಾರ್ಲಿಗಳಿಗೆ ಹೇಳಿಮಾಡಿಸಿದ ಕಾಲ. ತೆಪ್ಪಲವೆಂಬ ಮಸಾಲೆಕಾಯಿ ಹಾಕಿದ ಬಂಗಡೆಯ ಗಸಿ, ರವೆ ಹಚ್ಚಿ ಹುರಿದ ನೋಗ್ಲಿ, ಜೊತೆಗೆ ಮುರುಗಲಿನ ಸೋಲಕಡಿ ಇರುವ ಖಾನಾವಳಿಯ ಊಟಕ್ಕೆ ಹಬ್ಬವೇ ಬೇಕಾಗಿಲ್ಲ. ಹಬ್ಬವನ್ನೂ ಮೀನನ್ನೂ ಒಂದೇ ಪ್ರವಾಸದಲ್ಲಿ ಹೊಂದಿಸಬೇಕೆಂದರೆ ಹಬ್ಬಕ್ಕೆ ಎರಡು ದಿನ ಮೊದಲು ಬರುವುದೇ ದಾರಿ. ಕುಮಟೆಯ ಕಡೆ ಇಳಿದರೆ ಅಘನಾಶಿನಿಯ ಅಳಿವೆಯ ಚಿಪ್ಪುಜೀವಿಯಾದ ಬೆಳಚಿನ ಪಲ್ಯ ಸಿಗುತ್ತದೆ. ಅಲ್ಲಿನ ಗಜನಿ ಎಂಬ ಉಪ್ಪುನೆಲದಲ್ಲಿ ಉಪ್ಪುನೀರನ್ನೇ ತಾಳಿಕೊಂಡು ಬೆಳೆಯುವ ಕಗ್ಗ ಭತ್ತದ ಕೊಯ್ಲೂ ಈ ಕಾಲದ್ದೇ. ಕಗ್ಗದ ಕೆಂಪು ಅಕ್ಕಿ ಎಲ್ಲಿ ಕಂಡರೂ ಕೊಂಡುಕೊಳ್ಳಿ.

ಕರಕುಶಲ ಬಿಯರಿನ ಉತ್ಸವಗಳನ್ನು ಹುಡುಕಿಕೊಂಡು ಈ ಕಡೆಗೆ ಬರಬೇಕೆನ್ನುವ ಯುವಕರೂ ಇದ್ದಾರೆ. ಅದು ಬೆಂಗಳೂರಿನ ಮತ್ತು ಗೋವೆಯ ಸಂಗತಿ, ಈ ಜಿಲ್ಲೆಯ ಶರತ್ಕಾಲಕ್ಕೆ ಸೇರಿದ್ದಲ್ಲ. ಕಾರವಾರದಲ್ಲಿ ಉಳಿದು ಗಡಿ ದಾಟಿ ಹೋಗಿಬರುವವರು ಅಲ್ಲಿ ಕುಡಿದು ವಾಹನ ಚಲಾಯಿಸಬಾರದು ಎಂಬುದನ್ನು ಹೇಳಬೇಕಾಗಿಲ್ಲ. ಆದರೆ ಗೋವೆಯ ಮದ್ಯವನ್ನು ಪರವಾನಗಿಯಿಲ್ಲದೆ ಕರ್ನಾಟಕಕ್ಕೆ ತರುವುದು ಅಪರಾಧವೆಂದೂ, ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಒಂದೆರಡು ಬಾಟಲಿಗೂ ತೊಂದರೆಯಾಗಬಹುದೆಂದೂ ತಿಳಿದಿರಬೇಕು.

ಗೋಕರ್ಣದ ಕಾರ್ತಿಕ

ದೀಪಾವಳಿಯ ಗದ್ದಲಕ್ಕಿಂತ ಶಾಂತವಾದುದು ಬೇಕೆನ್ನುವವರು ಕಾರ್ತಿಕ ಹುಣ್ಣಿಮೆಯನ್ನು ಆರಿಸಿಕೊಳ್ಳಬಹುದು. ಗೋಕರ್ಣದಲ್ಲಿ ಅಂದು ದೀಪೋತ್ಸವ. ಮಹಾಬಲೇಶ್ವರ ದೇವಸ್ಥಾನ, ರಥಬೀದಿ, ಕೋಟಿತೀರ್ಥದ ಮೆಟ್ಟಿಲುಗಳ ನಡುವೆ ಊರು ಚಿಕ್ಕದಾಗಿಯೇ ಇರುವುದರಿಂದ ನಡೆದೇ ಎಲ್ಲವನ್ನೂ ನೋಡಬಹುದು. ಆ ಹೊತ್ತಿಗೆ ಮಳೆಯ ಭಯವಿಲ್ಲ, ಸೆಕೆಯೂ ಇಳಿದಿರುತ್ತದೆ. ಗರ್ಭಗುಡಿಯ ದರ್ಶನಕ್ಕೆ ಗಂಡಸರು ಅಂಗಿ ತೆಗೆದು ಪಂಚೆಯುಡಬೇಕು. ಪಂಚೆಯನ್ನು ಮನೆಯಿಂದಲೇ ತಂದರೆ ಅನುಕೂಲ.

ಗೋಕರ್ಣಕ್ಕೇ ವಿಶಿಷ್ಟವಾದುದು ಬೇಕೆಂದರೆ ಮಾತ್ರ ದೀಪಾವಳಿಗೇ ಬರಬೇಕಾಗುತ್ತದೆ. ಆಶ್ವೀಜ ಬಹುಳದ ಗಂಗಾಷ್ಟಮಿಯಂದು ಮಹಾಬಲೇಶ್ವರನಿಗೂ ಗಂಗೆಗೂ ಗಂಗಾವಳಿಯಲ್ಲಿ ನಿಶ್ಚಿತಾರ್ಥ ನಡೆದು, ನರಕ ಚತುರ್ದಶಿಯಂದು ಕಡಲ ತೀರದಲ್ಲಿ ಮದುವೆಯಾಗುತ್ತದೆ. ಪಲ್ಲಕ್ಕಿ, ವಾದ್ಯ, ಮರಳಿನ ಮೇಲೆ ಹಸೆ. ಊರ ಮದುವೆಯ ಸಡಗರವೇ. ವಾರಾಂತ್ಯ ಕೂಡಿಬಂದ ವರ್ಷ ಗೋಕರ್ಣದ ಕೋಣೆಗಳ ಬಾಡಿಗೆ ಏರಿಬಿಡುತ್ತದೆ, ಆಗ ಕುಮಟೆಯಲ್ಲೋ ಅಂಕೋಲೆಯಲ್ಲೋ ಉಳಿದು ಬಸ್ಸಿನಲ್ಲಿ ಹೋಗಿಬರುವುದು ಜಾಣತನ.

ಕಾರ್ತಿಕಕ್ಕೆ ಬರುವವರಿಗೆ ಇನ್ನೊಂದು ಲಾಭವಿದೆ. ನವೆಂಬರಿನಿಂದ ಯಕ್ಷಗಾನ ಮೇಳಗಳ ತಿರುಗಾಟ ತೊಡಗುತ್ತದೆ. ಹೊನ್ನಾವರ, ಕುಮಟೆಗಳು ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ತವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಹೊನ್ನಾವರ ಸೀಮೆಯದು, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ಸೀಮೆಯವರು. ಮೊದಲ ಬಾರಿ ನೋಡುವವರು ಕಾಲಮಿತಿಯ ಪ್ರಯೋಗವನ್ನು ಆರಿಸಿಕೊಳ್ಳಲಿ, ಅದು ನಡುರಾತ್ರಿಯ ಸುಮಾರಿಗೆ ಮುಗಿಯುತ್ತದೆ. ಬೆಳಗಿನವರೆಗಿನ ಆಟ ಬೇಕೆನ್ನುವವರು ಮರುದಿನ ಪ್ರಯಾಣ ಇಟ್ಟುಕೊಳ್ಳಬಾರದು.

ಬರುವುದು, ಉಳಿಯುವುದು

ಕರಾವಳಿಗೆ ರೈಲು ಅನುಕೂಲ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಕಾರವಾರದವರೆಗೆ ಬರುತ್ತದೆ. ಕೊಂಕಣ ರೈಲ್ವೆಯ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ ರೋಡ್, ಅಂಕೋಲಾ ನಿಲ್ದಾಣಗಳೆಲ್ಲ ದಾರಿಯಲ್ಲೇ ಇವೆ. ಹಬ್ಬದ ದಿನಗಳ ಟಿಕೆಟ್ ಮುಂಗಡ ಕಾಯ್ದಿರಿಸುವಿಕೆ ತೆರೆದ ಕೂಡಲೇ ಮುಗಿದುಹೋಗುತ್ತದೆ. ಶಿರಸಿಗೆ ರೈಲಿಲ್ಲ. ಕುಮಟೆಯಲ್ಲಿ ಇಳಿದು ದೇವಿಮನೆ ಘಟ್ಟ ಹತ್ತಬೇಕು, ಅಥವಾ ಹಾವೇರಿಯಲ್ಲಿ ಇಳಿದು ಬಸ್ಸು ಹಿಡಿಯಬೇಕು. ಸಿದ್ದಾಪುರಕ್ಕಾದರೆ ತಾಳಗುಪ್ಪದ ನಿಲ್ದಾಣ ಹತ್ತಿರ. ಹಳ್ಳಿಗಳಿಗೆ ಹೋಗುವ ಬಸ್ಸುಗಳು ಹಬ್ಬದ ದಿನ ಕಡಿಮೆಯಾಗುವುದರಿಂದ, ಭೂಮಿ ಹುಣ್ಣಿಮೆಯ ನಸುಕನ್ನು ನೋಡಬೇಕೆನ್ನುವವರು ಹಿಂದಿನ ಸಂಜೆಯೇ ಹಳ್ಳಿ ಸೇರಿರಬೇಕು. ಭೂಮಿ ಹುಣ್ಣಿಮೆಗೆಂದು ಬಂದವರಿಗೆ ಮಧ್ಯಾಹ್ನದ ನಂತರ ಸಮಯ ಉಳಿಯುತ್ತದೆ. ಸಿದ್ದಾಪುರದಿಂದ ಅಘನಾಶಿನಿಯ ಉಂಚಳ್ಳಿ ಜಲಪಾತ ದೂರವಿಲ್ಲ, 116 ಮೀಟರ್ ಧುಮುಕುವ ನೀರು ಆ ತಿಂಗಳಲ್ಲಿ ತುಂಬಿಯೂ ಇರುತ್ತದೆ, ಮಂಜು ಸರಿದು ಕಣ್ಣಿಗೂ ಕಾಣುತ್ತದೆ.

ಯಾರದಾದರೂ ಮನೆಗೆ ಹೋಗುವುದಾದರೆ ಒಂದೆರಡು ದಿನ ಮೊದಲೇ ಎಷ್ಟು ಜನ ಬರುತ್ತೇವೆಂದು ತಿಳಿಸಿ. ಬಡಿಸುವವರು ಬೇಡವೆನ್ನುವುದಿಲ್ಲ, ಆದರೆ ಕಡುಬಿನ ಎಲೆ ಸುತ್ತುವವರ ಕೈಗೆ ಲೆಕ್ಕ ಬೇಕು. ಹಣ್ಣು, ಊದುಬತ್ತಿ, ಮನೆಯ ಹಿರಿಯರಿಗೊಂದು ಪಂಚೆ ಅಥವಾ ರವಿಕೆಕಣ ತೆಗೆದುಕೊಂಡು ಹೋದರೆ ಸಾಕು. ಗೋಪೂಜೆಯ ಮನೆಗೆ ಪಟಾಕಿ ಒಯ್ಯಬೇಡಿ. ಸರ ಕಟ್ಟಿಸಿಕೊಂಡು ಅಂಗಳದಲ್ಲಿ ನಿಂತ ದನಗಳು ಒಂದು ಸದ್ದಿಗೆ ಹಗ್ಗ ಕಿತ್ತು ಓಡುತ್ತವೆ, ಕಾಲು ಮುರಿದುಕೊಂಡ ಕರುವನ್ನು ಹಬ್ಬದ ದಿನ ನೋಡಲು ಪಶುವೈದ್ಯರು ಸಿಗುವುದು ಕಷ್ಟ.